40 ಮ್ಯಾಚ್ ಆಯ್ತು, ಆದ್ರೆ ಭಾನುವಾರ ಫೋನ್ ಮಾಡೋಕೆ ಒಬ್ಬರೂ ಇಲ್ಲ

ಪ್ರಶ್ನೆ: ಮೇಡಂ, ಕೆಲಸಕ್ಕೆ ಅಂತ ಹೊರದೇಶಕ್ಕೆ ಬಂದು ನಾಲ್ಕು ತಿಂಗಳಾಯ್ತು. ವಯಸ್ಸು 27, ಒಬ್ಬಳೇ ಇರೋದು. ಆಫೀಸಲ್ಲಿ ಎಲ್ಲರೂ ಒಳ್ಳೆಯವ್ರೇ, ಆದ್ರೆ ಸಂಜೆ ಆಯ್ತು ಅಂದ್ರೆ ಅವರವರ ಮನೆ ಅವರಿಗೆ. ಫ್ರೆಂಡ್ಸ್ ಮಾಡ್ಕೊಳ್ಳೋಣ ಅಂತ ಮೂರು ಆಪ್ ಹಾಕ್ಕೊಂಡೆ. 40ರ ಹತ್ರ ಮ್ಯಾಚ್ ಆಗಿದೆ, ಅಂದ್ರೆ ನಾನೂ ಅವ್ರೂ ಒಬ್ಬರನ್ನೊಬ್ಬರು ಇಷ್ಟ ಅಂತ ಒತ್ತಿದೀವಿ, ಎಲ್ಲಾ ಚಾಟೂ ನಾಲ್ಕು ದಿನಕ್ಕೆ ನಿಂತು ಹೋಗುತ್ತೆ. ಒಂದು ದೊಡ್ಡ ಮೀಟಪ್‌ಗೆ ಹೋಗಿ ಮೂಲೇಲಿ ನಿಂತು ವಾಪಸ್ ಬಂದೆ. ಒಬ್ಬಳನ್ನ ಮಾತ್ರ ಭೇಟಿ ಆದೆ, ಎರಡು ಗಂಟೆ ಚೆನ್ನಾಗಿ ಮಾತಾಡಿದ್ವಿ, ಆಮೇಲೆ ಅವಳೂ ಮೆಸೇಜ್ ಮಾಡ್ಲಿಲ್ಲ ನಾನೂ ಮಾಡ್ಲಿಲ್ಲ, ಮೂರು ವಾರ ಆಯ್ತು. ರಾತ್ರಿ ಹಳೇ ಫ್ರೆಂಡ್ಸ್ ಹಾಕಿರೋ ಸ್ಟೋರಿ ನೋಡ್ತಾ ನೋಡ್ತಾ ನಿದ್ದೆ ಹೋಗ್ತೀನಿ. ನನ್ನಲ್ಲೇ ಏನೋ ಸರಿ ಇಲ್ವಾ? ಆಪ್‌ಗಳನ್ನೆಲ್ಲ ತೆಗೆದು ಹಾಕ್ಲಾ?

ಉತ್ತರ: ನಿಮ್ಮಲ್ಲಿ ಏನೂ ಕೊರತೆ ಇಲ್ಲ. ಇದನ್ನ ಸಮಾಧಾನಕ್ಕೆ ಹೇಳ್ತಿಲ್ಲ, ಲೆಕ್ಕ ಇಟ್ಕೊಂಡೇ ಹೇಳ್ತಿದೀನಿ, ಆ ಲೆಕ್ಕ ನೋಡಿದ ಮೇಲೆ ನಿಮಗೂ ಎದೆ ಸ್ವಲ್ಪ ಹಗುರ ಆಗುತ್ತೆ ಅಂದ್ಕೋತೀನಿ.

ಅಮೆರಿಕಾದ ಕ್ಯಾನ್ಸಸ್ ಯೂನಿವರ್ಸಿಟಿಯ ಜೆಫ್ರಿ ಹಾಲ್ ಅನ್ನೋ ಪ್ರೊಫೆಸರ್ 2018ರಲ್ಲಿ ಒಂದು ಅಧ್ಯಯನ ಪ್ರಕಟ ಮಾಡಿದ್ರು. ಅದರ ಮೊದಲ ಭಾಗದಲ್ಲಿ ಅವ್ರು ಮಾತಾಡಿಸಿದ್ದು ಯಾರನ್ನ ಗೊತ್ತಾ, ಕಳೆದ ಆರು ತಿಂಗಳಲ್ಲಿ ಹೊಸ ಜಾಗಕ್ಕೆ ಬಂದು ಫ್ರೆಂಡ್ಸ್ ಹುಡುಕ್ತಾ ಇದ್ದೋರನ್ನ, 355 ಜನ, ಅಂದ್ರೆ ನಿಮ್ಮಂಥೋರನ್ನೇ. ಒಬ್ಬ ಹೊಸ ವ್ಯಕ್ತಿ ಜೊತೆ ಎಷ್ಟು ಗಂಟೆ ಕಳೆದ ಮೇಲೆ ಏನೇನಾಗುತ್ತೆ ಅಂತ ನೋಡಿದ್ರು. ಬರೀ ಪರಿಚಯ ಇರೋರು ಒಂದು ಮಟ್ಟಿಗೆ ಫ್ರೆಂಡ್ ಅನ್ನಿಸಿಕೊಳ್ಳೋಕೆ ಸುಮಾರು 50 ಗಂಟೆ, ನಿಜವಾಗ್ಲೂ ಫ್ರೆಂಡ್ ಅನ್ನೋ ಹಂತಕ್ಕೆ ಸುಮಾರು 90 ಗಂಟೆ, ತೀರಾ ಹತ್ತಿರದ ಗೆಳೆತನಕ್ಕೆ 200 ಗಂಟೆಗೂ ಮೇಲೆ. ಅದೂ ಎಂಥಾ ಗಂಟೆ, ಒಂದೇ ಆಫೀಸಲ್ಲಿ ಪಕ್ಕಪಕ್ಕ ಕೂತು ಕೆಲಸ ಮಾಡಿದ ಗಂಟೆಗಳಿಂದ ಅಷ್ಟೇನೂ ಆಗಲ್ಲ, ಆರಾಮಾಗಿ ಕೂತು ನಕ್ಕು, ಏನೋ ಒಂದು ಒಟ್ಟಿಗೆ ಮಾಡಿದ ಗಂಟೆಗಳು ಬೇಕು.

ಈಗ ನೀವೇ ಗುಣಿಸಿ ನೋಡಿ. ಒಬ್ಬರನ್ನ ವಾರಕ್ಕೆ ಒಂದ್ಸಲ ಎರಡು ಗಂಟೆ ಸಿಕ್ಕಿದ್ರೆ 50 ಗಂಟೆ ತುಂಬೋಕೆ 25 ವಾರ ಬೇಕು, ಹತ್ತಿರ ಹತ್ತಿರ ಆರು ತಿಂಗಳು. ನೀವು ಬಂದಿರೋದೇ ನಾಲ್ಕು ತಿಂಗಳ ಹಿಂದೆ. ಆ ನಾಲ್ಕು ತಿಂಗಳಲ್ಲಿ 40 ಜನರ ಜೊತೆ ಹತ್ತತ್ತು ನಿಮಿಷ ಚಾಟ್ ಮಾಡಿದೀರ, ಒಬ್ಬಳ ಜೊತೆ ಎರಡು ಗಂಟೆ ಕೂತಿದೀರ. ಹಾಗಾಗಿ ನಿಮ್ಮ ಬಗ್ಗೆ ತೀರ್ಮಾನ ಮಾಡೋಕೆ ಇನ್ನೂ ಏನೂ ನಡೆದೇ ಇಲ್ಲ. ಗಂಟೆಗಳು ಸೇರಿಲ್ಲ ಅಷ್ಟೇ. ಮತ್ತೆ ಅವು ಸೇರದೇ ಇರೋಕೆ ಕಾರಣ ನೀವು ಆಪ್‌ಗಳನ್ನ ಬಳಸ್ತಿರೋ ರೀತಿ, ಅದನ್ನ ಬದಲಾಯಿಸಬಹುದು, ನಾನು ಇವತ್ತು ಹೇಳೋಕೆ ಹೊರಟಿರೋದು ಅದೊಂದನ್ನೇ.

ಸ್ಕೂಲು ಕಾಲೇಜಲ್ಲಿ ನಮಗೆ ಗೆಳೆಯರು ಹೇಗೆ ಸಿಕ್ಕಿದ್ರು ಅಂತ ಯೋಚನೆ ಮಾಡಿ. ಯಾರೂ ಹುಡುಕ್ಕೊಂಡು ಹೋಗಿರಲಿಲ್ಲ. ಪಕ್ಕದ ಬೆಂಚು, ಅದೇ ಬಸ್ಸು, ಹಾಸ್ಟೆಲಲ್ಲಿ ಎದುರು ರೂಮು. 1950ರಲ್ಲಿ ಫೆಸ್ಟಿಂಗರ್, ಶಾಕ್ಟರ್, ಬ್ಯಾಕ್ ಅಂತ ಮೂರು ಜನ ಸಂಶೋಧಕರು ಅಮೆರಿಕಾದ ಎಂಐಟಿ ಯೂನಿವರ್ಸಿಟಿಯ ವಿದ್ಯಾರ್ಥಿ ಕುಟುಂಬಗಳು ಇದ್ದ ಕಟ್ಟಡಗಳಲ್ಲಿ ಯಾರು ಯಾರಿಗೆ ಸ್ನೇಹಿತರಾದ್ರು ಅಂತ ನೋಡಿ ಬರೆದ್ರು. ಒಂದೇ ಮಹಡಿಯಲ್ಲಿ ಪಕ್ಕದ ಬಾಗಿಲಿನವ್ರನ್ನ ಹತ್ತಿರದವ್ರು ಅಂತ ಹೆಸರಿಸಿದ್ದು ನೂರಕ್ಕೆ 41, ಎರಡು ಬಾಗಿಲು ಆಚೆ ಇದ್ದೋರನ್ನ 22, ಕಾರಿಡಾರ್‌ನ ಆ ತುದಿ ಈ ತುದಿ ಇದ್ದೋರನ್ನ ಬರೀ 10. ಕೆಲವೇ ಹೆಜ್ಜೆಗಳ ವ್ಯತ್ಯಾಸ! ಸ್ವಭಾವ ಹೊಂದುತ್ತಾ ಇಲ್ವಾ ಅನ್ನೋದಕ್ಕಿಂತ ಮುಂಚೆ, ಬೇಡ ಅಂದ್ರೂ ಎದುರಿಗೆ ಸಿಗ್ತಾ ಇರ್ತಾರಾ ಅನ್ನೋದೇ ಮುಖ್ಯ ಆಗ್ಬಿಡುತ್ತೆ. ಹೊರದೇಶಕ್ಕೆ ಹೋದಾಗ ನಾವು ಕಳ್ಕೊಳ್ಳೋದು ಇದನ್ನೇ, ಮಾತಾಡೋ ಕಲೆ ಎಲ್ಲೂ ಹೋಗಿರಲ್ಲ, ದಿನಾ ಕಾಣೋ ಅದೇ ಮುಖಗಳು ಹೋಗಿರುತ್ತವೆ.

ನಮ್ಮ ಭಾಷೆಯಲ್ಲಿ ಇದಕ್ಕೆ ಎಷ್ಟು ಚೆಂದದ ಪದಗಳಿವೆ ನೋಡಿ. ಮುಖಪರಿಚಯ, ಆಮೇಲೆ ಪರಿಚಯ, ಆಮೇಲೆ ಒಡನಾಟ, ಒಡನಾಟದಿಂದ ಸಲಿಗೆ, ಗೆಳೆತನ ಅದಕ್ಕೂ ಆಮೇಲೆ. ಆಪ್ ಕೊಡೋದು ಪರಿಚಯ, ಅದನ್ನ ಚೆನ್ನಾಗೇ ಕೊಡುತ್ತೆ, ಗೊತ್ತಿಲ್ಲದ ಊರಲ್ಲಿ ಅದು ಸಣ್ಣ ಸಹಾಯ ಅಲ್ಲ. ಆದ್ರೆ ಒಡನಾಟ ಅನ್ನೋದು ಪದೇ ಪದೇ ಸಿಗೋದ್ರಿಂದ ಮಾತ್ರ ಆಗೋದು. 40 ಮ್ಯಾಚ್ ಅಂದ್ರೆ 40 ಪರಿಚಯ, ಒಡನಾಟ ಸೊನ್ನೆ. ಆಪ್ ಓಪನ್ ಮಾಡಿದಾಗೆಲ್ಲ "ಇವತ್ತು ಹೊಸದಾಗಿ ಯಾರಾದ್ರೂ ಇದಾರಾ" ಅಂತ ನೋಡೋ ಬದಲು "ಮುಂದಿನ ಎರಡು ಮೂರು ತಿಂಗಳು ಅದೇ ಜನರನ್ನ ವಾರ ವಾರ ನೋಡೋಕೆ ಆಗೋ ಜಾಗ ಯಾವುದು" ಅಂತ ಹುಡುಕಿ.

ಹಾಗೆ ನೋಡಿದ್ರೆ ಎಲ್ಲಾ ಆಪೂ ಒಂದೇ ಅಲ್ಲ. ಬಂಬಲ್ ಬಿಎಫ್ಎಫ್ ಥರದ್ದು, 2016ರಲ್ಲಿ ಶುರುವಾಗಿದ್ದು, ಡೇಟಿಂಗ್ ಆಪ್ ರೀತಿಯಲ್ಲೇ ಸ್ವೈಪ್ ಮಾಡಿ ಒಬ್ಬರಿಗೆ ಒಬ್ಬರು ಸಿಗೋದು. ಇಲ್ಲಿ ಪೂರ್ತಿ ಭಾರ ನಿಮ್ಮಿಬ್ಬರ ಮೇಲೇ ಬೀಳುತ್ತೆ, ಇಬ್ಬರಲ್ಲಿ ಒಬ್ಬರು ಸುಮ್ಮನಾದ್ರೆ ಮುಗೀತು. ಮೀಟಪ್ ಅನ್ನೋ ಹೆಸರಿನ ಆಪ್ ಬೇರೆ ಥರ. ಅದು ನ್ಯೂಯಾರ್ಕಲ್ಲಿ 2002ರಲ್ಲಿ ಶುರುವಾಯ್ತು, 2001ರ ಸೆಪ್ಟೆಂಬರ್ ದಾಳಿ ಆದ್ಮೇಲೆ ಅಲ್ಲಿವರೆಗೂ ಮುಖ ನೋಡದ ಅಕ್ಕಪಕ್ಕದವರು ಒಬ್ಬರನ್ನೊಬ್ಬರು ಮಾತಾಡಿಸೋಕೆ ಶುರು ಮಾಡಿದ್ದನ್ನ ನೋಡಿ ಈ ಯೋಚನೆ ಬಂತು ಅಂತ ಅದರ ಸ್ಥಾಪಕರಲ್ಲಿ ಒಬ್ಬರಾದ ಸ್ಕಾಟ್ ಹೈಫರ್‌ಮನ್ ಹೇಳಿದಾರೆ. ಅದರಲ್ಲಿ ಗುಂಪು ಇರುತ್ತೆ, ನಡೆಸೋರು ಒಬ್ಬರು ಇರ್ತಾರೆ, ನೀವು ಸುಮ್ಮನೆ ಹೋಗಿ ಕೂತ್ರೂ ನಡೆಯುತ್ತೆ. ಇಂಟರ್‌ನೇಷನ್ಸ್ 2007ರಲ್ಲಿ ಜರ್ಮನಿಯ ಮ್ಯೂನಿಕ್‌ನಲ್ಲಿ ಶುರುವಾಗಿದ್ದು, ಹೊರದೇಶಕ್ಕೆ ಹೋಗಿ ನೆಲೆಸಿದವರಿಗೆ ಅಂತಲೇ ಮಾಡಿದ್ದು. ಟ್ಯಾಂಡಮ್, ಹಲೋಟಾಕ್ ಇವೆಲ್ಲ ಭಾಷೆ ವಿನಿಮಯಕ್ಕೆ, ನಾನು ನಿಮಗೆ ನನ್ನ ಭಾಷೆ ಹೇಳ್ಕೊಡ್ತೀನಿ ನೀವು ನಿಮ್ಮದು ಹೇಳ್ಕೊಡಿ ಅಂತ. ಆಮೇಲೆ ರೆಡ್ಡಿಟ್, ಡಿಸ್ಕಾರ್ಡ್ ಅನ್ನೋ ಆನ್‌ಲೈನ್ ಹರಟೆ ಜಾಗಗಳಲ್ಲಿ ಎಷ್ಟೋ ಊರುಗಳದ್ದೇ ಗುಂಪುಗಳು ಇರುತ್ತವೆ, ಅಲ್ಲಿ ವಾರದ ಭೇಟಿಗಳ ಸುದ್ದಿ ಸಿಗುತ್ತೆ.

ನಾಚಿಕೆ ಸ್ವಭಾವದವ್ರಿಗೆ ನಾನು ಮೊದಲು ಹೇಳೋದು ಮೀಟಪ್ ಥರದ ಗುಂಪು ಅಥವಾ ಭಾಷೆ ವಿನಿಮಯ, ಯಾಕಂದ್ರೆ ಎರಡರಲ್ಲೂ ಮಾತಾಡೋಕೆ ಒಂದು ನೆಪ ಇರುತ್ತೆ. ಸುಮ್ಮನೆ "ಸೋಷಿಯಲ್ ನೈಟ್" ಅಂತ ಇರೋದಕ್ಕೆ ಹೋಗ್ಬೇಡಿ, ನೀವು ಹೋಗಿದ್ದು ಅಂಥದ್ದೇ ಇರ್ಬೇಕು. 80 ಜನ, ಜೋರು ಮ್ಯೂಸಿಕ್ಕು, ಎಲ್ಲರೂ ಆಗ್ಲೇ ಗುಂಪು ಗುಂಪಾಗಿ ನಿಂತಿರ್ತಾರೆ, ಎಲ್ಲಿಂದ ಬಂದಿದೀರ ಏನ್ ಕೆಲಸ ಅನ್ನೋ ಎರಡು ಪ್ರಶ್ನೆ ಹತ್ತು ಸಲ ಕೇಳಿ ಹೇಳಿ ಮುಗಿಯೋ ಹೊತ್ತಿಗೆ ತಲೆ ನೋವು. ಮುಂದಿನ ಸಲ ಹೋದ್ರೆ ಆ 80 ಜನರಲ್ಲಿ ಎಪ್ಪತ್ತು ಜನ ಬೇರೆಯವ್ರೇ ಇರ್ತಾರೆ! ಅಲ್ಲಿ ಮೂಲೇಲಿ ನಿಂತಿದ್ದು ನಿಮ್ಮ ತಪ್ಪಲ್ಲ, ಅಂಥ ಜಾಗದಲ್ಲಿ ಬಹಳ ಜನ ಮೂಲೇಲೇ ನಿಲ್ಲೋದು.

ಗುಂಪು ಆರಿಸೋವಾಗ ಹೆಸರಿಗಿಂತ ಹಳೇ ಇವೆಂಟುಗಳ ಪಟ್ಟಿ ನೋಡಿ. ವಾರ ವಾರ ಅಥವಾ ಹದಿನೈದು ದಿನಕ್ಕೊಮ್ಮೆ ತಪ್ಪದೆ ನಡೆದಿದ್ಯಾ? ಫೋಟೋಗಳಲ್ಲಿ ಅದೇ ಮುಖಗಳು ಮತ್ತೆ ಮತ್ತೆ ಕಾಣ್ತವಾ? ಬರೋದು ಎಂಟರಿಂದ ಹದಿನೈದು ಜನ ಇದ್ರೆ ಬಹಳ ಒಳ್ಳೇದು. ಬರ್ತೀನಿ ಅಂತ ಒತ್ತಿರೋರೆಲ್ಲ ಬರಲ್ಲ, ಅದನ್ನೂ ಲೆಕ್ಕದಲ್ಲಿ ಇಟ್ಕೊಳ್ಳಿ. ಮತ್ತೆ ಮನೆಯಿಂದ ಅರ್ಧ ಗಂಟೆ ಒಳಗೆ ಇರ್ಲಿ, ಇದನ್ನ ಜನ ಲಘುವಾಗಿ ತಗೋತಾರೆ, ಒಂದೂವರೆ ಗಂಟೆ ಪ್ರಯಾಣ ಮಾಡಿ ಹೋಗೋ ಜಾಗಕ್ಕೆ ಉತ್ಸಾಹದಲ್ಲಿ ಎರಡು ಸಲ ಹೋಗ್ತೀವಿ, ಮಳೆ ಬಂದ ದಿನ ಬಿಟ್ಬಿಡ್ತೀವಿ, ಅಲ್ಲಿಗೆ ಎಳೆ ಕಡಿದು ಹೋಯ್ತು.

ಕೈಗೆ ಏನಾದ್ರೂ ಕೆಲಸ ಇರೋ ಗುಂಪು ಸಿಕ್ಕಿದ್ರೆ ಇನ್ನೂ ಒಳ್ಳೇದು. ಪಾರ್ಕ್‌ರನ್ ಅಂತ ಇದೆ, 2004ರಲ್ಲಿ ಲಂಡನ್ನಿನ ಬುಶಿ ಪಾರ್ಕಲ್ಲಿ 13 ಜನ ಓಡಿ ಶುರುವಾಗಿದ್ದು ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತೆ, ಬಹುತೇಕ ಕಡೆ ಶನಿವಾರ ಬೆಳಿಗ್ಗೆ 5 ಕಿಲೋಮೀಟರ್, ದುಡ್ಡು ಕೊಡಬೇಕಿಲ್ಲ, ಓಡೋಕಾಗಲ್ಲ ಅಂದ್ರೆ ನಡೀಬಹುದು, ಅದೂ ಬೇಡ ಅಂದ್ರೆ ಸ್ವಯಂಸೇವಕರಾಗಿ ಟೈಮ್ ನೋಡೋದೋ ಬಾರ್‌ಕೋಡ್ ಸ್ಕ್ಯಾನ್ ಮಾಡೋದೋ ಮಾಡಬಹುದು. ನನ್ನನ್ನ ಕೇಳಿದ್ರೆ ಹೊಸಬರಿಗೆ ಓಡೋದಕ್ಕಿಂತ ಸ್ವಯಂಸೇವಕರಾಗೋದೇ ಒಳ್ಳೇದು, ಯಾಕಂದ್ರೆ ಅವ್ರು ಬೇಗ ಬಂದು ತಡವಾಗಿ ಹೋಗೋರು, ಮಾತು ಬೆಳೆಯೋದು ಆ ಮೊದಲಿನ ಮತ್ತೆ ಕೊನೆಯ ಅರ್ಧ ಗಂಟೇಲೇ. ಟೋಸ್ಟ್‌ಮಾಸ್ಟರ್ಸ್ ಇನ್ನೂ ಹಳೇದು, 1924ರಲ್ಲಿ ಶುರುವಾದ ಭಾಷಣ ಕಲಿಯೋ ಕ್ಲಬ್ಬುಗಳು, ಅಲ್ಲೂ ಪ್ರತಿ ಮೀಟಿಂಗಲ್ಲಿ ಟೈಮರ್ ಅಂತ ಒಂದು ಪಾತ್ರ ಕೊಡ್ತಾರೆ, ಕೂತು ಗಡಿಯಾರ ನೋಡೋದಷ್ಟೇ, ಆದ್ರೆ ಎಲ್ಲರಿಗೂ ನಿಮ್ಮ ಹೆಸರು ಗೊತ್ತಾಗುತ್ತೆ. ಅತಿಥಿಯಾಗಿ ಒಂದ್ಸಲ ಹೋಗಿ ನೋಡ್ಕೊಂಡು ಬರಬಹುದು.

ಇದನ್ನ ನಾನು ಪುಸ್ತಕ ನೋಡಿ ಹೇಳ್ತಿಲ್ಲ. ನಾನು ಹೊರದೇಶಕ್ಕೆ ಹೋದಾಗ ನನಗೆ 26 ವರ್ಷ. ಬೋರ್ಡ್ ಗೇಮ್ ಆಡೋ ಒಂದು ಗುಂಪಿಗೆ ಆಪಲ್ಲಿ ಹೆಸರು ಕೊಟ್ಟು ಹೋದೆ, ಬಾಗಿಲ ಹೊರಗೆ ಹತ್ತು ನಿಮಿಷ ಫೋನ್ ನೋಡೋ ಹಾಗೆ ನಿಂತಿದ್ದೆ, ಒಳಗೆ ನಗು ಕೇಳಿಸ್ತಿತ್ತು. ಆಟ ಶುರುವಾಗಿತ್ತು, ಯಾರೋ ಜಾಗ ಮಾಡಿ ಕೊಟ್ರು, ನಿಯಮ ಅರ್ಥ ಆಗ್ಲಿಲ್ಲ, ಪೂರ್ತಿ ಸಂಜೆ ನಾನು ಆಡಿದ ಮಾತು ಹತ್ತು ವಾಕ್ಯ ಇರಬಹುದು. ಮುಗಿದ ಮೇಲೆ ಎಲ್ಲರೂ ಹೊರಟ್ರು, ನಡೆಸ್ತಿದ್ದ ಹೆಂಗಸು ಒಬ್ಬರೇ ಕುರ್ಚಿ ಮಡಚ್ತಾ ಇದ್ರು. ಸುಮ್ಮನೆ ಹೋಗೋಕೆ ಮನಸ್ಸು ಬರಲಿಲ್ಲ, ನಾನೂ ಆ ಕಡೆಯಿಂದ ಮಡಚ್ತಾ ಬಂದೆ. ಮೂವತ್ತು ಕುರ್ಚಿ ಇದ್ವು. ಮಡಚ್ತಾ ಮಡಚ್ತಾ ಅವ್ರು ಕೇಳಿದ್ರು, ಮುಂದಿನ ವಾರ ಸ್ವಲ್ಪ ಬೇಗ ಬರೋಕೆ ಆಗುತ್ತಾ, ಕುರ್ಚಿ ಹಾಕೋಕೆ ಒಬ್ಬರು ಬೇಕಿತ್ತು ಅಂತ. ಆಗುತ್ತೆ ಅಂದೆ. ಮುಂದಿನ ಎಂಟು ತಿಂಗಳು ಪ್ರತಿ ಗುರುವಾರ ಕುರ್ಚಿ ಹಾಕಿದೆ. ಬಾಗಿಲಿಂದ ಬರೋ ಹೊಸಬರೆಲ್ಲ ನನ್ನನ್ನೇ ಮೊದಲು ನೋಡೋರು, ಎಲ್ಲಿ ಕೂರ್ಬೇಕು ಅಂತ ನನ್ನನ್ನೇ ಕೇಳೋರು. ಆ ಹೆಂಗಸು ಈಗ್ಲೂ ನನಗೆ ವಾರಕ್ಕೊಮ್ಮೆ ಫೋನ್ ಮಾಡ್ತಾರೆ.

ಕೌನ್ಸೆಲಿಂಗ್‌ಗೆ ಬರೋ ಪ್ರತಿಯೊಬ್ಬರಿಗೂ ಅದಕ್ಕೇ ಹೇಳ್ತೀನಿ, ಒಂದೇ ಸಲ ಹೋಗಿ ಗುಂಪಿನ ಬಗ್ಗೆ ತೀರ್ಪು ಕೊಡ್ಬೇಡಿ ಅಂತ. ಮೊದಲ ಸಲ ಯಾರಿಗೂ ಚೆನ್ನಾಗಿರಲ್ಲ, ಎರಡನೇ ಸಲ ಒಬ್ಬರು ಗುರುತು ಹಿಡೀತಾರೆ, ಮೂರನೇ ಸಲ "ಕಳೆದ ವಾರ ಹೇಳ್ತಿದ್ರಲ್ಲ, ಅದೇನಾಯ್ತು" ಅಂತ ಯಾರೋ ಕೇಳ್ತಾರೆ, ಆ ಒಂದು ಪ್ರಶ್ನೆ ಕೇಳಿಸ್ಕೊಳ್ಳೋವರೆಗೂ ಹೋಗಿ. ನಾಲ್ಕು ಸಲ ಹೋದ ಮೇಲೂ ಯಾರೂ ಮುಖ ಕೊಟ್ಟು ಮಾತಾಡಿಸ್ತಿಲ್ಲ ಅಂದ್ರೆ ಆಗ ಧಾರಾಳವಾಗಿ ಬಿಡಿ, ಕೆಲವು ಗುಂಪುಗಳು ನಿಜವಾಗ್ಲೂ ತಮ್ಮ ತಮ್ಮಲ್ಲೇ ಮುಳುಗಿರ್ತವೆ.

ಸರಿ, ಈಗ ಆ ಮ್ಯಾಚುಗಳು. ಚಾಟ್ ನಾಲ್ಕು ದಿನಕ್ಕೆ ಸಾಯೋದು ಯಾಕೆ ಅಂದ್ರೆ ಅದಕ್ಕೆ ಹೋಗೋಕೆ ಒಂದು ಊರಿಲ್ಲ. ಹಾಯ್, ಹೇಗಿದೀರ, ಎಷ್ಟು ದಿನ ಆಯ್ತು ಬಂದು, ವೀಕೆಂಡ್ ಹೇಗಿತ್ತು. ಐದನೇ ದಿನ ಏನು ಕೇಳೋದು? ಹಾಗಾಗಿ ಮೊದಲ ಎರಡು ಮೂರು ದಿನದಲ್ಲೇ ಭೇಟಿ ಮಾತು ಎತ್ತಿ, ಅದೂ "ಯಾವಾಗಾದ್ರೂ ಸಿಗೋಣ" ಅಂತ ಅಲ್ಲ. ಯಾವಾಗಾದ್ರೂ ಅನ್ನೋ ದಿನ ಕ್ಯಾಲೆಂಡರಲ್ಲಿ ಇಲ್ಲ. "ಶನಿವಾರ ಬೆಳಿಗ್ಗೆ 10ಕ್ಕೆ ಕೆರೆ ಸುತ್ತ ಒಂದು ರೌಂಡ್ ನಡೆಯೋಕೆ ಹೋಗ್ತಿದೀನಿ, ಒಂದು ಗಂಟೆ ಆಗಬಹುದು, ನೀವೂ ಬರ್ತೀರಾ? ಆಗಲ್ಲ ಅಂದ್ರೂ ಪರವಾಗಿಲ್ಲ, ಮುಂದಿನ ಶನಿವಾರನೂ ಹೋಗ್ತೀನಿ." ಇದರಲ್ಲಿ ದಿನ ಇದೆ, ಜಾಗ ಇದೆ, ಎಷ್ಟು ಹೊತ್ತು ಅಂತ ಇದೆ, ಬೇಡ ಅನ್ನೋಕೆ ದಾರಿನೂ ಇದೆ, ನೀವು ಅವ್ರಿಗೋಸ್ಕರ ಕಾಯ್ತಾ ಕೂತಿಲ್ಲ ಅನ್ನೋದೂ ಇದೆ. ಒಪ್ಕೊಳ್ಳೋರಿಗೆ ಒಪ್ಕೊಳ್ಳೋದು ಸುಲಭ ಆಗುತ್ತೆ. ಒಂದು ವಾರ ಹತ್ತು ದಿನ ಚಾಟ್ ಮಾಡಿಯೂ ಭೇಟಿ ಬಗ್ಗೆ ಜಾರಿಕೊಳ್ತಾನೇ ಇದಾರೆ ಅಂದ್ರೆ ಅಲ್ಲಿಗೆ ಬಿಡಿ, ಬೇಜಾರು ಮಾಡ್ಕೋಬೇಡಿ, ಅವ್ರಿಗೆ ಬೇಕಿದ್ದಿದ್ದು ಚಾಟ್ ಅಷ್ಟೇ.

ಪ್ರೊಫೈಲೂ ಹಾಗೇ. ಟ್ರಾವೆಲ್ ಇಷ್ಟ, ಮ್ಯೂಸಿಕ್ ಇಷ್ಟ, ಸಿನಿಮಾ ಇಷ್ಟ ಅಂತ ಹಾಕಿದ್ರೆ ಓದಿದೋರಿಗೆ ಏನು ಹಿಡ್ಕೊಂಡು ಮಾತಾಡ್ಬೇಕು ಅಂತ ಗೊತ್ತಾಗಲ್ಲ. "ಇಲ್ಲಿಗೆ ಬಂದು ನಾಲ್ಕು ತಿಂಗಳು. ಈಜು ಕಲೀತಾ ಇದೀನಿ, ಇನ್ನೂ ಆಳಕ್ಕೆ ಹೋಗೋಕೆ ಭಯ. ಬುಧವಾರ ಸಂಜೆ ಜೊತೆಗೆ ಬರೋರು ಯಾರಾದ್ರೂ ಇದೀರಾ?" ಅಂತ ಹಾಕಿ ನೋಡಿ. ಕಡಿಮೆ ಜನ ಬರ್ತಾರೆ, ಆದ್ರೆ ಬಂದೋರು ಬುಧವಾರ ಬರ್ತಾರೆ. ಹೊಸದಾಗಿ ಬಂದಿದೀನಿ ಅಂತ ಬರೆಯೋಕೆ ಸಂಕೋಚ ಬೇಡ, ತಾವೂ ಹೊಸಬರಾಗಿರೋರು ಅದನ್ನೇ ಹುಡುಕ್ತಿರ್ತಾರೆ.

ಯಾರ ಜೊತೆ ಅನ್ನೋದೂ ಸ್ವಲ್ಪ ಯೋಚನೆ ಮಾಡ್ಬೇಕು. ಬಹಳ ಜನ ಹೋದ ತಕ್ಷಣ ಅಲ್ಲಿನ ಸ್ಥಳೀಯರನ್ನೇ ಸ್ನೇಹಿತರು ಮಾಡ್ಕೋಬೇಕು, ನಮ್ಮವರ ಜೊತೆ ಸೇರಿದ್ರೆ ಬಾವಿ ಕಪ್ಪೆ ಆಗ್ಬಿಡ್ತೀವಿ ಅಂತ ಹಠ ಹಿಡೀತಾರೆ. ಸ್ಟೀಫನ್ ಬಾಕ್ನರ್ ಅನ್ನೋ ಮನಃಶಾಸ್ತ್ರಜ್ಞರು ಸಹೋದ್ಯೋಗಿಗಳ ಜೊತೆ 1977ರಲ್ಲೇ ಹೊರದೇಶದ ವಿದ್ಯಾರ್ಥಿಗಳ ಸ್ನೇಹದ ಬಗ್ಗೆ ಬರೆದಿದ್ರು, ಅವ್ರಿಗೆ ಮೂರು ಥರದ ಬಳಗ ಇರುತ್ತೆ, ಮೂರರ ಕೆಲಸವೂ ಬೇರೆ ಬೇರೆ ಅಂತ. ತಮ್ಮ ದೇಶದವ್ರ ಜೊತೆ ತಮ್ಮ ಭಾಷೆ, ತಮ್ಮ ರೀತಿನೀತಿ ಉಳಿಸ್ಕೋತಾರೆ. ಸ್ಥಳೀಯರಿಂದ ಅಲ್ಲಿನ ಕೆಲಸ ಕಾರ್ಯ ಹೇಗೆ ನಡೆಯುತ್ತೆ ಅಂತ ತಿಳ್ಕೋತಾರೆ. ಇನ್ನೊಂದು, ಬೇರೆ ಬೇರೆ ದೇಶಗಳಿಂದ ಬಂದಿರೋ ಇತರ ಹೊಸಬರು, ಅವ್ರ ಜೊತೆ ಸುಮ್ಮನೆ ಸಮಯ ಕಳೆಯೋದು, ಆಟ ಸುತ್ತಾಟ. ಮೂರೂ ಬೇಕು. ಆದ್ರೆ ಬೇಗ ಸಿಗೋದು ಮೂರನೆಯವ್ರು, ಯಾಕಂದ್ರೆ ಅವ್ರ ಭಾನುವಾರನೂ ನಿಮ್ಮ ಭಾನುವಾರದ ಥರಾನೇ ಖಾಲಿ. ಸ್ಥಳೀಯರು ತಣ್ಣಗಿರೋದಕ್ಕೆ ಅಹಂಕಾರ ಕಾರಣ ಅಲ್ಲ, ಎಷ್ಟೋ ಸಲ ಜಾಗ ಇರಲ್ಲ ಅಷ್ಟೇ. ರಾಬಿನ್ ಡನ್‌ಬಾರ್ ಅನ್ನೋ ವಿಜ್ಞಾನಿ ಹೇಳೋ ಪ್ರಕಾರ ಒಬ್ಬ ಮನುಷ್ಯ ಸುಮಾರು 150 ಸಂಬಂಧಗಳನ್ನ ಉಳಿಸಿಕೊಳ್ಳಬಲ್ಲ, ಅದರೊಳಗೆ ಒಳ್ಳೇ ಸ್ನೇಹಿತರು 15ರ ಹತ್ತಿರ, ತೀರಾ ಒಳಗಿನವ್ರು ಐದು. ಹುಟ್ಟಿ ಬೆಳೆದ ಊರಲ್ಲೇ ಇರೋರಿಗೆ ಆ ಐದೂ ಹದಿನೈದೂ ಯಾವತ್ತೋ ತುಂಬಿಹೋಗಿರುತ್ತೆ. ಅವ್ರು ನಿಧಾನಕ್ಕೆ ಬರ್ತಾರೆ, ಎರಡನೇ ವರ್ಷದಲ್ಲಿ ಬರ್ತಾರೆ, ಕಾಯಿರಿ. ನಿಮ್ಮ ಭಾಷೆಯವ್ರ ವಾಟ್ಸಾಪ್ ಗುಂಪು ಇದ್ರೆ ಅದಕ್ಕೂ ಸೇರ್ಕೊಳ್ಳಿ. ಮನೆ ಬಾಡಿಗೆ, ಡಾಕ್ಟರು, ಬ್ಯಾಂಕು ಇಂಥ ವಿಷಯಕ್ಕೆ ಅಷ್ಟು ಬೇಗ ಸಹಾಯ ಬೇರೆಲ್ಲೂ ಸಿಗಲ್ಲ, ಮತ್ತೆ ಜ್ವರ ಬಂದು ಮಲಗಿದ ದಿನ ನಮ್ಮ ಭಾಷೇಲೇ ನರಳಬೇಕು ಅನ್ಸುತ್ತೆ, ಅದರಲ್ಲಿ ಯಾವ ತಪ್ಪೂ ಇಲ್ಲ.

ರಾತ್ರಿ ಸ್ಟೋರಿ ನೋಡ್ತಾ ಮಲಗ್ತೀನಿ ಅಂದ್ರಲ್ಲ, ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಚಿಂತೆ ಆಗಿದ್ದು ಆ ಸಾಲು. 2015ರಲ್ಲಿ ಫಿಲಿಪ್ ವರ್ಡ್ಯೂನ್ ಮತ್ತೆ ಅವ್ರ ತಂಡದವ್ರು ಫೇಸ್‌ಬುಕ್ ಬಗ್ಗೆ ತೋರಿಸಿದ್ದು ಇದನ್ನೇ, ಏನೂ ಬರೀದೆ ಯಾರನ್ನೂ ಮಾತಾಡಿಸದೆ ಸುಮ್ಮನೆ ನೋಡ್ತಾ ಹೋದ್ರೆ ಆಮೇಲೆ ಮನಸ್ಸು ಕುಗ್ಗುತ್ತೆ, ಬೇರೆಯವ್ರ ಬಗ್ಗೆ ಹೊಟ್ಟೆಕಿಚ್ಚು ಹುಟ್ಟೋದೂ ಅದಕ್ಕೆ ಒಂದು ಕಾರಣ. ಅದೇ ಸ್ನೇಹಿತೆಗೆ ಒಂದು ನಿಮಿಷದ ವಾಯ್ಸ್ ಮೆಸೇಜ್ ಹಾಕಿದ್ರೆ ಕಥೆನೇ ಬೇರೆ. ಹಾಗಾಗಿ ಸ್ಟೋರಿ ನೋಡಿದ್ರೆ ಒಬ್ಬರಿಗಾದ್ರೂ ಉತ್ತರ ಹಾಕಿ ಫೋನ್ ಇಡಿ. ಹಳೇ ಫ್ರೆಂಡ್ ಒಬ್ಬಳ ಜೊತೆ ವಾರಕ್ಕೆ ಒಂದು ದಿನ ಇಷ್ಟು ಗಂಟೆಗೆ ಅಂತ ಕಾಲ್ ಗೊತ್ತು ಮಾಡ್ಕೊಳ್ಳಿ. ಹೊಸ ಸ್ನೇಹ ಬೆಳೆಯೋವರೆಗೂ ಹಳೇದು ನಿಮ್ಮನ್ನ ಹಿಡಿದು ನಿಲ್ಲಿಸ್ಬೇಕು. ಆದ್ರೆ ಪ್ರತಿ ಸಂಜೆನೂ ವಿಡಿಯೋ ಕಾಲಲ್ಲೇ ಹೋದ್ರೆ ಇರೋ ಊರಲ್ಲಿ ಕಾಲೂರೋಕೆ ಆಗಲ್ಲ.

ಜಾಗ್ರತೆ ವಿಷಯ, ಇದನ್ನ ನೇರವಾಗಿ ಹೇಳ್ಬಿಡ್ತೀನಿ. ಹೊಸಬರನ್ನೇ ಹುಡುಕೋ ಮೋಸಗಾರರು ಇದಾರೆ, ಯಾಕಂದ್ರೆ "ಇದು ಸರಿನಾ" ಅಂತ ಕೇಳೋಕೆ ಹೊಸಬರಿಗೆ ಪಕ್ಕದಲ್ಲಿ ಯಾರೂ ಇರಲ್ಲ ಅಂತ ಅವ್ರಿಗೆ ಗೊತ್ತು. ಮೊದಲ ಎರಡು ಮೂರು ಭೇಟಿ ಜನ ಓಡಾಡೋ ಜಾಗದಲ್ಲೇ ಆಗ್ಲಿ, ಹಗಲು ಹೊತ್ತಲ್ಲಿ ಇದ್ರೆ ಇನ್ನೂ ಒಳ್ಳೇದು, ಬರೋದು ಹೋಗೋದು ನಿಮ್ಮದೇ ದಾರಿ. ವಾಟ್ಸಾಪಲ್ಲಿ ಲೈವ್ ಲೊಕೇಶನ್ 8 ಗಂಟೆವರೆಗೂ ಹಂಚ್ಕೋಬಹುದು, ನಂಬೋ ಒಬ್ಬರಿಗೆ ಹಾಕಿ ಹೋಗಿ, ಅವ್ರು ಬೇರೆ ದೇಶದಲ್ಲಿದ್ರೂ ಸರಿ. ಪರಿಚಯ ಆಗಿ ಸ್ವಲ್ಪ ದಿನಕ್ಕೇ ಕ್ರಿಪ್ಟೋ, ಟ್ರೇಡಿಂಗು, ನನ್ನ ಅಂಕಲ್ ಲಾಭ ಮಾಡಿಕೊಟ್ರು ಅನ್ನೋ ಮಾತು ಬಂತು ಅಂದ್ರೆ ಅದು ಸ್ನೇಹ ಅಲ್ಲ, ಬ್ಲಾಕ್ ಮಾಡಿ. ವಿಡಿಯೋ ಕಾಲಿಗೆ ಯಾವಾಗ್ಲೂ ನೆಪ ಹೇಳೋರು, ಫೋಟೋ ಮಾತ್ರ ಮಾಡೆಲ್ ಥರ ಇರೋರು, ಆ ಫೋಟೋನ ಗೂಗಲ್ ಇಮೇಜ್ ಸರ್ಚಲ್ಲಿ ಹಾಕಿ ನೋಡಿ. ಎರಡನೇ ಭೇಟಿಗೆ "ಒಂದು ಬಿಸಿನೆಸ್ ಅವಕಾಶ ಇದೆ, ನಮ್ಮ ಸೀನಿಯರ್ ಬಂದಿದಾರೆ" ಅಂತ ಕರ್ಕೊಂಡು ಹೋದ್ರೆ ಅದು ಚೈನ್ ಮಾರ್ಕೆಟಿಂಗ್, ಎದ್ದು ಬನ್ನಿ, ಮರ್ಯಾದೆಗೆ ಅಂತ ಕೂರ್ಬೇಡಿ. ಪಾಸ್‌ಪೋರ್ಟ್, ವೀಸಾ, ಬ್ಯಾಂಕ್ ಕಾಗದದ ಫೋಟೋ ಯಾರಿಗೂ ಕಳಿಸಬೇಡಿ. ಇನ್ನು ಫ್ರೆಂಡ್ ಆಪಲ್ಲಿ ಬಂದು ಡೇಟಿಂಗ್ ಹುಡುಕೋರೂ ಇರ್ತಾರೆ, ಮೊದಲ ಅನುಮಾನಕ್ಕೇ "ನಾನು ಫ್ರೆಂಡ್ಸ್ ಹುಡುಕ್ತಿರೋದು ಮಾತ್ರ" ಅಂತ ಒಂದು ಸಾಲು ಬರೀರಿ, ಒಳ್ಳೆಯವ್ರು ಅದಕ್ಕೆ ಬೇಜಾರು ಮಾಡ್ಕೊಳ್ಳಲ್ಲ.

ಆಪ್ ತೆಗೆದು ಹಾಕ್ಲಾ ಅಂದ್ರೆ, ಎಲ್ಲಾ ಬೇಡ, ಮೂರರಲ್ಲಿ ಎರಡು ತೆಗೆದು ಹಾಕಿ. ಗುಂಪು ಹುಡುಕೋಕೆ ಒಂದು ಸಾಕು. ದಿನಾ ರಾತ್ರಿ ಅರ್ಧ ಗಂಟೆ ಸ್ವೈಪ್ ಮಾಡೋ ಬದಲು ಭಾನುವಾರ ಅದನ್ನ ಓಪನ್ ಮಾಡಿ ಮುಂದಿನ ವಾರಕ್ಕೆ ಒಂದು ಭೇಟಿ ಗೊತ್ತು ಮಾಡ್ಕೊಂಡು ಮುಚ್ಚಿಡಿ. ನೋಟಿಫಿಕೇಶನ್ ಆಫ್ ಇರ್ಲಿ. ಎರಡು ತಿಂಗಳಾದ್ಮೇಲೂ ನಿದ್ದೆ ಸರಿಯಾಗಿ ಬರ್ತಿಲ್ಲ, ಬೆಳಿಗ್ಗೆ ಏಳೋಕೆ ಮನಸ್ಸಿಲ್ಲ, ಅಳು ಬರ್ತಾನೇ ಇರುತ್ತೆ ಅಂತಾದ್ರೆ ಅದು ಬರೀ ಫ್ರೆಂಡ್ಸ್ ಇಲ್ಲದ ವಿಷಯ ಅಲ್ಲ, ಆಗ ಡಾಕ್ಟರನ್ನೋ ಕೌನ್ಸೆಲರನ್ನೋ ನೋಡ್ಲೇಬೇಕು, ಕೆಲಸ ಕೊಟ್ಟೋರು ಅಂಥ ಸೌಲಭ್ಯ ಇಟ್ಟಿದಾರಾ ಅಂತ ಮೊದಲು ಕೇಳಿ.

ಇನ್ನು ನೀವು ಎರಡು ಗಂಟೆ ಮಾತಾಡಿದ ಆ ಹುಡುಗಿ. ಅವಳು ಮೆಸೇಜ್ ಮಾಡ್ಲಿಲ್ಲ ಅಂದ್ರೆ ಇಷ್ಟ ಆಗ್ಲಿಲ್ಲ ಅಂತ ನೀವು ಅಂದ್ಕೊಂಡಿದೀರ. 2018ರಲ್ಲಿ ಎರಿಕಾ ಬೂತ್‌ಬಿ ಮತ್ತೆ ಜೊತೆಗಾರರು, ಮೊದಲ ಸಲ ಮಾತಾಡಿದ ಅಪರಿಚಿತರನ್ನ ಬೇರೆ ಬೇರೆಯಾಗಿ ಕೇಳಿದ್ರು, ನಿಮಗೆ ಅವ್ರು ಎಷ್ಟು ಇಷ್ಟ ಆದ್ರು, ಅವ್ರಿಗೆ ನೀವು ಎಷ್ಟು ಇಷ್ಟ ಆಗಿರಬಹುದು ಅಂತ. ಸಾಮಾನ್ಯವಾಗಿ ಇಬ್ಬರೂ ತಮ್ಮನ್ನ ಕಡಿಮೆ ಅಂದಾಜು ಮಾಡಿದ್ರು, ನಿಜಕ್ಕೂ ಎದುರಿನವ್ರಿಗೆ ಅವ್ರು ಅದಕ್ಕಿಂತ ಜಾಸ್ತಿ ಇಷ್ಟ ಆಗಿದ್ರು. ಅಂದ್ರೆ ಈ ಮೂರು ವಾರ ಅವಳೂ ತನ್ನ ರೂಮಲ್ಲಿ ಕೂತು ನೀವು ಯೋಚಿಸ್ತಿರೋದನ್ನೇ ಯೋಚಿಸ್ತಿರೋ ಸಾಧ್ಯತೆ ಚೆನ್ನಾಗಿದೆ. 2022ರಲ್ಲಿ ಪೆಗ್ಗಿ ಲಿಯು ಮತ್ತೆ ತಂಡದವ್ರು ಇನ್ನೊಂದು ನೋಡಿದ್ರು, ಸುಮ್ಮನೆ ನೆನಪಾಯ್ತು ಅಂತ ಒಂದು ಸಾಲು ಕಳಿಸಿದ್ರೆ ಎದುರಿನವ್ರಿಗೆ ನಾವು ಅಂದ್ಕೊಂಡಿದ್ದಕ್ಕಿಂತ ಹೆಚ್ಚು ಖುಷಿ ಆಗುತ್ತೆ, ಅದರಲ್ಲೂ ಅವ್ರು ನಿರೀಕ್ಷೆ ಮಾಡಿರದಿದ್ರೆ ಇನ್ನೂ ಜಾಸ್ತಿ. ಮೂರು ವಾರ ತಡ ಅಲ್ಲ.

ಆ ಎರಡು ಗಂಟೇಲಿ ಅವಳು ಹೇಳಿದ್ದ ಯಾವುದೋ ಒಂದು ವಿಷಯ ನಿಮಗೆ ನೆನಪಿರುತ್ತೆ, ಹೊಸ ಮನೆ ಹುಡುಕ್ತಿದ್ದಾಳೆ ಅಂತಲೋ ಪರೀಕ್ಷೆ ಇದೆ ಅಂತಲೋ. ಅಲ್ಲಿಂದಲೇ ಶುರು ಮಾಡಿ. "ಮೊನ್ನೆ ನೀನು ಹೇಳಿದ ಮನೆ ವಿಷಯ ನೆನಪಾಯ್ತು, ಸಿಕ್ತಾ? ಅವತ್ತು ಮಾತಾಡಿ ತುಂಬಾ ಖುಷಿ ಆಗಿತ್ತು, ಮೆಸೇಜ್ ಮಾಡೋಣ ಅಂದ್ಕೊಂಡು ತಡ ಆಯ್ತು. ಗುರುವಾರ ಸಂಜೆ ಒಂದು ಗುಂಪಿಗೆ ಮೊದಲ ಸಲ ಹೋಗ್ತಿದೀನಿ, ಒಬ್ಬಳೇ ಹೋಗೋಕೆ ಒಂಥರಾ ಆಗುತ್ತೆ, ಬರ್ತೀಯಾ?" ಇಷ್ಟು ಸಾಕು, ನಿಮ್ಮಿಬ್ಬರ ಭಾಷೇಲಿ ಬರೀರಿ. ಬರ್ತೀನಿ ಅಂದ್ರೆ ಇಬ್ಬರೂ ಬೇಗ ಹೋಗಿ. ಉತ್ತರನೇ ಬರ್ಲಿಲ್ಲ ಅಂದ್ರೆ ಇನ್ನೊಂದು ಕಳಿಸ್ಬೇಡಿ, ಗುರುವಾರ ನೀವೊಬ್ಬರೇ ಹೋಗಿ, ಮುಂದಿನ ಗುರುವಾರನೂ ಹೋಗಿ. ಮೂರನೇ ಸಲ ಹೋಗಿ ಬಂದ ಮೇಲೆ ಏನಾಯ್ತು ಅಂತ ನನಗೆ ಬರೀರಿ, ಓದೋಕೆ ಕಾಯ್ತಿರ್ತೀನಿ.